ಹಳೆಯ ಗೋಡೆ ತೊಳೆಯುವ ಮುನ್ನ: ಯಶಸ್ಸಿನ 16 ಸೂತ್ರಗಳು

ಜಾತ್ರೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ದೇವಸ್ಥಾನದ ಗೋಡೆ ಕಪ್ಪಾಗಿರುವುದು ಸಮಿತಿಯವರ ಕಣ್ಣಿಗೆ ಬೀಳುತ್ತದೆ. ಶಾಲೆಯ ಶತಮಾನೋತ್ಸವ ಹತ್ತಿರ ಬಂದಾಗ ಇಟ್ಟಿಗೆ ಗೋಡೆಯ ಪಾಚಿ ಹಳೆಯ ವಿದ್ಯಾರ್ಥಿಗಳಿಗೆ ಕಾಣುತ್ತದೆ. ಎಲ್ಲರದೂ ಒಳ್ಳೆಯ ಮನಸ್ಸೇ. ಒಬ್ಬರು ವಾಹನ ತೊಳೆಯುವ ನೀರಿನ ಗನ್ ತರಿಸುತ್ತಾರೆ, ಇನ್ನೊಬ್ಬರು ಆಸಿಡ್ ಕ್ಯಾನ್ ಕೊಡಿಸುತ್ತಾರೆ, ಯುವಕ ಸಂಘದವರು ತಂತಿ ಬ್ರಷ್ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಸಂಜೆಗೆ ಗೋಡೆ ಬೆಳ್ಳಗಾಗುತ್ತದೆ. ಎಂಟುನೂರು ವರ್ಷದ ಮಳೆ ಬಿಸಿಲಿಗೆ ಜಗ್ಗದ ಕೆತ್ತನೆಯ ಅಂಚು ಅದೇ ಒಂದು ದಿನದಲ್ಲಿ ಸವೆದುಹೋಗಿರುತ್ತದೆ.

ಬಳಿದ ಬಣ್ಣ ಸರಿಬರದಿದ್ದರೆ ಮತ್ತೆ ಬಳಿಯಬಹುದು. ಹೋದ ಕಲ್ಲು ಹೋದದ್ದೇ. ಹೀಗಾಗಿ ಈ ಕೆಲಸದ ಯಶಸ್ಸನ್ನು ಅಳೆಯಬೇಕಾದದ್ದು ಗೋಡೆಯ ಮೇಲೆ ಏನು ಉಳಿಯಿತು ಎಂಬುದರಿಂದ. ದೇವಸ್ಥಾನ, ಬಸದಿ, ದರ್ಗಾ, ಚರ್ಚುಗಳ ಸಮಿತಿಯವರಿಗೆ, ಶ್ರಮದಾನಕ್ಕೆ ಹೊರಟ ಗೆಳೆಯರಿಗೆ, ಅಜ್ಜನ ಕಾಲದ ತೊಟ್ಟಿಮನೆ ಉಳಿಸಿಕೊಂಡವರಿಗೆ ಈ ಹದಿನಾರು ಸೂತ್ರಗಳು. ಇವುಗಳಲ್ಲಿ ಮೊದಲ ಆರು, ಒಂದು ಬಕೆಟ್ ನೀರನ್ನೂ ಎತ್ತುವ ಮೊದಲು ಮಾಡಬೇಕಾದವು.

1. ಅದು ಕೊಳೆಯೋ, ಕಾಲ ಕೊಟ್ಟ ಬಣ್ಣವೋ ನೋಡಿ

ಗೋಡೆ ಕಪ್ಪಾದ ಮಾತ್ರಕ್ಕೆ ಕೊಳೆಯಾಗಿದೆ ಎಂದಲ್ಲ. ಬಾದಾಮಿಯ ಮರಳುಗಲ್ಲು ಕೆಂಪಾಗಿರುವುದು ಅದರೊಳಗಿನ ಕಬ್ಬಿಣದ ಅಂಶದಿಂದ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಬಿಗಿಯಾಗುತ್ತದೆ. ಆ ಬಿಗಿಯಾದ ಮೇಲ್ಮೈಯನ್ನು ಕೊಳೆ ಎಂದು ಉಜ್ಜಿ ತೆಗೆದರೆ ಕಲ್ಲಿನ ರಕ್ಷಾಕವಚವನ್ನೇ ಕಿತ್ತಂತೆ. ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಪದರ ನೀರನ್ನು ಹಿಡಿದಿಟ್ಟುಕೊಳ್ಳುತ್ತಿದೆಯೇ? ಕಲ್ಲನ್ನು ತಿನ್ನುತ್ತಿದೆಯೇ? ಕೆತ್ತನೆಯನ್ನೋ ಶಾಸನವನ್ನೋ ಮುಚ್ಚಿದೆಯೇ? ಮೂರಕ್ಕೂ ‘ಇಲ್ಲ’ ಎಂದಾದರೆ ಅದನ್ನು ಹಾಗೆಯೇ ಬಿಡಿ. ಏನೂ ಮಾಡದಿರುವುದೂ ಸಂರಕ್ಷಣೆಯಲ್ಲಿ ಒಂದು ಸರಿಯಾದ ತೀರ್ಮಾನ.

2. ಒಪ್ಪಿಗೆ ಪತ್ರ ಕೈಯಲ್ಲಿರಲಿ

ಕೇಂದ್ರದ ರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ, ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ ಅನ್ವಯಿಸುತ್ತವೆ. ಕೇಂದ್ರದ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ಒಳ್ಳೆಯದಕ್ಕೇ ಮಾಡಿದೆವು’ ಎಂಬ ಮಾತು ಸವೆದ ಶಿಲ್ಪವನ್ನು ವಾಪಸ್ ತರುವುದಿಲ್ಲ. ಮುಜರಾಯಿ ದೇವಸ್ಥಾನವಾದರೆ ಧಾರ್ಮಿಕ ದತ್ತಿ ಇಲಾಖೆಗೂ ಬರೆಯಿರಿ. ಯಾವ ಪಟ್ಟಿಯಲ್ಲೂ ಇಲ್ಲದ ಊರ ಗುಡಿಗೆ ಪತ್ರದ ಕಡ್ಡಾಯ ಇಲ್ಲದಿದ್ದರೂ ಪುರಾತತ್ತ್ವ ಇಲಾಖೆಯ ಕಚೇರಿಗೆ ಫೋಟೊ ಸಮೇತ ಒಂದು ಅರ್ಜಿ ಕೊಟ್ಟು ಸಲಹೆ ಕೇಳಿ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಗೆ ಸ್ಮಾರಕಗಳ ರಾಸಾಯನಿಕ ಸಂರಕ್ಷಣೆಗೆಂದೇ ಒಂದು ವಿಜ್ಞಾನ ಶಾಖೆ ಇದೆ. ಅದರ ಕೇಂದ್ರ ಡೆಹ್ರಾಡೂನ್‌ನಲ್ಲಿದೆ. ಅದರ ಒಂದು ಶತಮಾನದ ಅನುಭವ ನಿಮ್ಮ ಊರಿಗೂ ಉಪಯೋಗಕ್ಕೆ ಬರಲಿ.

3. ಗೋಡೆ ಯಾವುದರದ್ದು ಎಂದು ತಿಳಿಯಿರಿ

ಮದ್ದು ಕೊಡುವ ಮೊದಲು ಮೈಯ ಗುಣ ಗೊತ್ತಿರಬೇಕು. ನಮ್ಮ ನಾಡಿನಲ್ಲಂತೂ ಜಿಲ್ಲೆ ದಾಟಿದರೆ ಕಲ್ಲು ಬದಲಾಗುತ್ತದೆ.

- ಬಳಪದ ಕಲ್ಲು (ಬೇಲೂರು, ಹಳೇಬೀಡು, ಸೋಮನಾಥಪುರ, ಇಟಗಿ): ನವಿರು ಕೆತ್ತನೆಗೆ ಹೇಳಿಮಾಡಿಸಿದ್ದು. ಅಷ್ಟೇ ಮೃದು. ಚಾಕುವಿನ ಮೊನೆ ತಾಗಿದರೂ ಗೀರು ಬೀಳುತ್ತದೆ.
- ಮರಳುಗಲ್ಲು (ಬಾದಾಮಿ, ಐಹೊಳೆ, ಪಟ್ಟದಕಲ್ಲು): ಮರಳಿನ ಕಣಗಳು ಅಂಟಿಕೊಂಡು ಆದದ್ದು. ಆ ಅಂಟು ಸಡಿಲವಾದರೆ ಕಣಕಣವಾಗಿ ಉದುರುತ್ತದೆ.
- ಗ್ರಾನೈಟ್ (ಹಂಪಿ): ಗಟ್ಟಿ. ಆದರೂ ಹಳೆಯ ಗ್ರಾನೈಟಿನ ಮೇಲ್ಪದರ ಚಕ್ಕೆಯಾಗಿ ಏಳುವುದುಂಟು.
- ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು: ಮೈತುಂಬ ತೂತು. ಕುಡಿದ ನೀರನ್ನು ಬೇಗ ಬಿಡುವುದಿಲ್ಲ.
- ಇಟ್ಟಿಗೆ (ಬೆಂಗಳೂರಿನ ಅಠಾರಾ ಕಚೇರಿಯಂಥ ಕಟ್ಟಡಗಳು): ಬೆಂದ ಹೊರಪದರವೇ ಅದರ ಬಲ. ಅದು ಹೋದರೆ ಒಳಗಿನ ಮೆತ್ತನೆಯ ಭಾಗ ಮಳೆಗೆ ಸಿಗುತ್ತದೆ.
- ಸುಣ್ಣದ ಗಾರೆ (ವಿಜಯಪುರದ ಗೋಲಗುಮ್ಮಟದ ಮೇಲ್ಮೈ, ನೂರಾರು ಗೋಪುರಗಳ ಗೊಂಬೆಗಳು): ಹುಳಿ ಪದಾರ್ಥ ತಾಗಿದರೆ ಕರಗುತ್ತದೆ.

ಒಂದೇ ಕಟ್ಟಡದಲ್ಲಿ ಎರಡು ಮೂರು ವಸ್ತು ಇರುವುದೇ ಹೆಚ್ಚು. ವಿಜಯನಗರ ಕಾಲದ ಗೋಪುರದ ಕೆಳಗಿನ ಭಾಗ ಗ್ರಾನೈಟ್, ಮೇಲಿನದು ಇಟ್ಟಿಗೆ ಮತ್ತು ಗಾರೆ. ಕೆಳಗೆ ಒಗ್ಗಿದ ವಿಧಾನ ಮೇಲೆ ಒಗ್ಗುವುದಿಲ್ಲ. ಮೇಲೆ ತೊಳೆದ ನೀರು ಕೆಳಕ್ಕೇ ಇಳಿಯುತ್ತದೆ ಎಂಬುದೂ ನೆನಪಿರಲಿ.

4. ಮುಟ್ಟುವ ಮೊದಲು ಫೋಟೊ ತೆಗೆಯಿರಿ

ಗೋಡೆಯನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಸಂಖ್ಯೆ ಕೊಟ್ಟು, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಬಿರುಕು, ಎದ್ದ ಚಕ್ಕೆ, ಮಸುಕಾದ ಅಕ್ಷರ ಎಲ್ಲವೂ ಎದ್ದು ಕಾಣುತ್ತವೆ. ಶಾಸನ ಇದ್ದರೆ ಅದನ್ನು ಮೊದಲು ದಾಖಲಿಸಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಮೇಲಿನ ಒಂದೇ ಒಂದು ಪದರ ಹೋದರೂ ಓದಲಾಗದಂತಾಗುವ ಸಾಲುಗಳು ನಮ್ಮ ಊರೂರಿನಲ್ಲಿವೆ. ಅಕ್ಷರ ಕಾಣಲೆಂದು ಬಳಪ ತೀಡುವುದು, ಸುಣ್ಣ ತುಂಬುವುದು, ಉಳಿಯಿಂದ ತಿದ್ದುವುದು ಯಾವುದೂ ಬೇಡ.

5. ಕಲೆಯ ಮೂಲ ಹುಡುಕಿ, ಮೊದಲು ಅದನ್ನು ನಿಲ್ಲಿಸಿ

ಗೋಡೆಯ ಕಪ್ಪು ಪಟ್ಟಿಯ ಜಾಡು ಹಿಡಿದು ಮೇಲೆ ನೋಡಿ. ಮಾಳಿಗೆಯ ನೀರು ಹೊರಬೀಳುವ ಕೊಳವೆ ಎಲೆಯಿಂದ ಕಟ್ಟಿಕೊಂಡಿರಬಹುದು. ಸೂರಿನ ಕಲ್ಲಿನ ಸಂದು ಬಾಯಿಬಿಟ್ಟಿರಬಹುದು. ಬುಡದ ಸುತ್ತ ಸಿಮೆಂಟ್ ನೆಲ ಹಾಕಿದ್ದರೆ ಆವಿಯಾಗಿ ಹೋಗಬೇಕಾದ ತೇವ ಗೋಡೆ ಹತ್ತುತ್ತಿರಬಹುದು. ಮೂಲ ಸರಿಮಾಡದೆ ತೊಳೆದರೆ ಎರಡು ಮಳೆಗಾಲದಲ್ಲಿ ಕಲೆ ಮತ್ತೆ ಹಾಜರು. ಆಗ ಮತ್ತೆ ತೊಳೆಯಬೇಕು, ಪ್ರತಿ ಸಲವೂ ಗೋಡೆ ಒಂದಿಷ್ಟು ಸವೆಯಬೇಕು. ಕೊಳವೆ ಬಿಡಿಸುವ ಕೆಲಸಕ್ಕೆ ಕೂಲಿ ಕಡಿಮೆ, ಫಲ ಹೆಚ್ಚು. ಎಷ್ಟೋ ಕಡೆ ಅಷ್ಟೇ ಸಾಕಾಗುತ್ತದೆ.

6. ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷೆ ಮಾಡಿ

ಈ ಒಂದು ಸೂತ್ರ ಪಾಲಿಸಿದರೆ ಅರ್ಧ ಅನಾಹುತ ತಪ್ಪುತ್ತದೆ. ಹಿಂಬದಿಯಲ್ಲಿ, ಕೆತ್ತನೆ ಇಲ್ಲದ ಕಡೆ, ಒಂದು ಗೇಣು ಅಗಲದ ಜಾಗ ಆರಿಸಿ. ಮೊದಲು ಬೆರಳ ಗೆಣ್ಣಿನಿಂದ ನವಿರಾಗಿ ತಟ್ಟಿ ಕೇಳಿ. ಪೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಎಂದರ್ಥ, ಅಲ್ಲಿಗೆ ಕೈಹಾಕಬೇಡಿ. ಅಂಗೈಯಿಂದ ಸವರಿ ನೋಡಿ. ಕೈಗೆ ಹುಡಿ ಅಂಟಿದರೆ ಆ ಕಲ್ಲು ತೊಳೆಯುವ ಸ್ಥಿತಿಯಲ್ಲಿ ಇಲ್ಲ. ಅದನ್ನು ಮೊದಲು ತಜ್ಞರು ಬಲಪಡಿಸಬೇಕು.

ಗಟ್ಟಿಯಾಗಿದ್ದರೆ ನೀವು ಬಳಸಬೇಕೆಂದಿರುವ ವಿಧಾನವನ್ನು ಅಲ್ಲಿ ಮಾಡಿ. ಉಜ್ಜಿದ ನೀರನ್ನು ಬಿಳಿಯ ಪಾತ್ರೆಯಲ್ಲಿ ಹಿಡಿದು ತಳ ನಿಲ್ಲಲು ಬಿಡಿ. ತಳದಲ್ಲಿ ಬರೀ ಕಪ್ಪು ಕೆಸರಿದ್ದರೆ ಬಂದದ್ದು ಕೊಳೆ. ಕಲ್ಲಿನ ಬಣ್ಣದ್ದೇ ನುಣ್ಣನೆಯ ಪುಡಿಯೋ ಮರಳೋ ಕಂಡರೆ ಕಲ್ಲೇ ಬರುತ್ತಿದೆ, ಅಲ್ಲಿಗೇ ನಿಲ್ಲಿಸಿ. ಆ ಜಾಗ ಒಣಗಿದ ಮೇಲೆ ಭೂತಗನ್ನಡಿಯಲ್ಲಿ ನೋಡಿ. ಕೆಲವು ಹಾನಿ ತಡವಾಗಿ ಕಾಣಿಸಿಕೊಳ್ಳುತ್ತವೆ. ಉಪ್ಪು ಹೊರಬರಲು ವಾರಗಳೇ ಬೇಕು. ಸಾಧ್ಯವಾದರೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಜಾತ್ರೆಯ ದಿನಾಂಕಕ್ಕೆ ತಕ್ಕಂತೆ ಕಲ್ಲು ತನ್ನ ಗುಣ ಬದಲಿಸುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

7. ಮೆತ್ತನೆಯ ವಿಧಾನದಿಂದ ಶುರುಮಾಡಿ, ಒಂದೊಂದೇ ಮೆಟ್ಟಿಲು ಏರಿ

ಮೊದಲ ಮೆಟ್ಟಿಲು ಒಣ ಬ್ರಷ್. ಬಣ್ಣ ಬಳಿಯುವ ಮೃದು ಕೂದಲಿನ ಬ್ರಷ್ಷಿನಿಂದ ಧೂಳು, ಜೇಡರ ಬಲೆ, ಒಣ ಮಣ್ಣು ತೆಗೆಯಿರಿ. ಎರಡನೆಯದು ಬರೀ ನೀರು, ಮೆತ್ತನೆಯ ನೈಲಾನ್ ಬ್ರಷ್. ಮೂರನೆಯದು ಕೆಲವೇ ಹನಿ ತಟಸ್ಥ (ಆಮ್ಲವೂ ಕ್ಷಾರವೂ ಅಲ್ಲದ) ಮಾರ್ಜಕ ಬೆರೆಸಿದ ನೀರು. ನಾಲ್ಕನೆಯದು ಜೇಡಿಮಣ್ಣಿನ ಲೇಪ. ಅದರಾಚೆಯ ಮೆಟ್ಟಿಲೆಲ್ಲ ತಜ್ಞರದು. ಯಾವ ಮೆಟ್ಟಿಲಲ್ಲಿ ಕೆಲಸ ಆಯಿತೋ ಅಲ್ಲೇ ನಿಲ್ಲಿ. ಕೆತ್ತನೆಯ ಸಂದಿಗೆ ಕಬ್ಬಿಣದ ಮೊಳೆ, ಸ್ಕ್ರೂಡ್ರೈವರ್ ತೂರಿಸಬೇಡಿ. ತುದಿ ಚಪ್ಪಟೆ ಮಾಡಿದ ಬಿದಿರಿನ ಕಡ್ಡಿ ಸಾಕು. ತಂತಿ ಬ್ರಷ್ ಅಂತೂ ಆವರಣದೊಳಗೇ ಬರಬಾರದು. ಅದು ಗೀಚುವುದಲ್ಲದೆ ಕಬ್ಬಿಣದ ಸಣ್ಣ ಚೂರುಗಳನ್ನು ಕಲ್ಲಿನಲ್ಲಿ ಬಿಟ್ಟುಹೋಗುತ್ತದೆ. ಮುಂದಿನ ಮಳೆಗೆ ಅವು ತುಕ್ಕು ಹಿಡಿದು ಗೋಡೆಯಲ್ಲಿ ಹಳದಿ ಚುಕ್ಕೆಗಳಾಗಿ ಏಳುತ್ತವೆ.

8. ಯಾವ ನೀರು, ಎಷ್ಟು ನೀರು, ಯಾವಾಗ ಎಂದು ಯೋಚಿಸಿ

ಬೋರ್‌ವೆಲ್ ನೀರಿನಲ್ಲಿ ಸ್ನಾನದ ಬಕೆಟ್ ಬೆಳ್ಳಗೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಗಡಸು ನೀರು ಗೋಡೆಯ ಮೇಲೆ ಒಣಗಿದಾಗ ಅದರ ಲವಣ ಅಲ್ಲೇ ಉಳಿಯುತ್ತದೆ. ಟಿಡಿಎಸ್ ಅಳೆಯುವ ಪೆನ್ನಿನಂಥ ಮೀಟರ್ ಅಗ್ಗಕ್ಕೆ ಸಿಗುತ್ತದೆ, ಒಂದು ಕೊಂಡು ಪರೀಕ್ಷಿಸಿ. ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ಕೊನೆಯ ಸುತ್ತಿಗಾದರೂ ಆರ್‌ಒ ನೀರು ಬಳಸಿ.

ನೀರು ಸುರಿಯಬೇಡಿ, ಚಿಮುಕಿಸಿ. ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್, ಒಳಗೆ ಹಿಂದೆಂದೂ ಔಷಧಿ ಹಾಕದ ಹೊಸತು, ಮಂಜಿನಂತೆ ಹನಿಸಲು ಚೆನ್ನಾಗಿದೆ. ಅರ್ಧ ಗಂಟೆಗೊಮ್ಮೆ ಮಂಜು ಹಿಡಿಯುತ್ತ ಹೋದರೆ ಹೊರಪದರದ ಕೊಳೆ ತಾನೇ ಸಡಿಲವಾಗುತ್ತದೆ. ಅಡಿಯಿಂದ ಮೇಲಕ್ಕೆ ಒದ್ದೆ ಮಾಡಿ, ಮೇಲಿಂದ ಕೆಳಕ್ಕೆ ತೊಳೆಯಿರಿ. ಕೆಳಭಾಗ ಮೊದಲೇ ಒದ್ದೆಯಾಗಿದ್ದರೆ ಇಳಿಯುವ ಕೊಳೆನೀರನ್ನು ಕುಡಿಯುವುದಿಲ್ಲ. ಸಂದು ಬಿಟ್ಟ ಗೋಡೆಗೆ ನೀರು ಬೇಡವೇ ಬೇಡ, ಮೊದಲು ಸಂದು ಮುಚ್ಚಿ. ಕೆಲಸಕ್ಕೆ ದೀಪಾವಳಿಯಿಂದ ಶಿವರಾತ್ರಿವರೆಗಿನ ದಿನಗಳು ಹಿತ. ಮಳೆ ಕಡಿಮೆ, ಗೋಡೆ ಒಣಗಲು ಸಮಯ ಸಿಗುತ್ತದೆ. ಸುಡು ಬಿಸಿಲಿಗೆ ಕಾದ ಕಲ್ಲಿನ ಮೇಲೆ ತಣ್ಣೀರು ಹಾಕಬೇಡಿ.

9. ನೀರಿನ ಗನ್, ಮರಳಿನ ಯಂತ್ರ ಎರಡನ್ನೂ ದೂರವಿಡಿ

ಮನೆಯ ನಲ್ಲಿಯ ಒತ್ತಡ ಹೆಚ್ಚೆಂದರೆ ಎರಡು ಮೂರು ಬಾರ್. ವಾಹನ ತೊಳೆಯುವ ಗನ್ನಿನದು ನೂರು ಬಾರ್ ದಾಟುತ್ತದೆ. ಆ ರಭಸಕ್ಕೆ ಮರಳುಗಲ್ಲಿನ ಕಣ ಕಳಚುತ್ತವೆ, ಇಟ್ಟಿಗೆ ನಡುವಿನ ಸುಣ್ಣದ ಗಾರೆ ಹಾರಿಹೋಗುತ್ತದೆ, ನೀರು ಗೋಡೆಯ ಒಳಗೆ ನುಗ್ಗಿ ತಿಂಗಳುಗಟ್ಟಲೆ ಕೂರುತ್ತದೆ.

ಮರಳು ಸಿಡಿಸುವ ಯಂತ್ರ ಇದಕ್ಕಿಂತ ಕ್ರೂರ. ಲೆಕ್ಕ ಸರಳ: ಖನಿಜಗಳ ಗಡಸುತನದ ಮೋಸ್ ಮಾನದಲ್ಲಿ ಮರಳಿನ ಸ್ಫಟಿಕಶಿಲೆಗೆ 7ನೇ ಸ್ಥಾನ, ಬಳಪದ ಕಲ್ಲಿನ ಮುಖ್ಯ ಖನಿಜಗಳಿಗೆ ಸಿಗುವುದು 1ರಿಂದ 3. ಮರಳು ತಾಗಿದಲ್ಲೆಲ್ಲ ಕೆತ್ತನೆ ಸೋಲುತ್ತದೆ. ನೆರೆಯ ತಮಿಳುನಾಡಿನ ಹಲವು ಗ್ರಾನೈಟ್ ದೇಗುಲಗಳಲ್ಲಿ ಹೀಗೆ ಮಾಡಿ ಶಾಸನ, ಶಿಲ್ಪಗಳ ಅಂಚು ಮೊಂಡಾದವು, ದೊಡ್ಡ ವಿರೋಧವೂ ಎದ್ದಿತು. ಗ್ರಾನೈಟಿಗೇ ಆ ಗತಿಯಾದರೆ ನಮ್ಮ ಬಳಪದ ಕಲ್ಲಿನ ಪಾಡು ಊಹಿಸಿ. ‘ಒಂದೇ ದಿನದಲ್ಲಿ ಮುಗಿಸಿಕೊಡುತ್ತೇನೆ’ ಎನ್ನುವ ಗುತ್ತಿಗೆದಾರರಿಗೆ ಕೈಮುಗಿದು ಕಳಿಸಿಬಿಡಿ.

10. ಆಸಿಡ್, ಬ್ಲೀಚಿಂಗ್ ಪೌಡರ್, ಸೋಪಿನ ಪುಡಿ ಬೇಡ

ಬಚ್ಚಲಿಗೆ ಬಳಸುವ ಆಸಿಡ್ ಗಾರೆಯ ಮೇಲೆ ಬಿದ್ದರೆ ಬುರುಬುರು ನೊರೆ ಏಳುತ್ತದೆ. ಕೊಳೆ ಹೋಗುತ್ತಿದೆ ಎಂದು ಖುಷಿಪಡಬೇಡಿ. ಅದು ಸುಣ್ಣ ಕರಗುವಾಗ ಹೊರಡುವ ಇಂಗಾಲದ ಡೈಆಕ್ಸೈಡ್. ಅಮೃತಶಿಲೆಗೂ ಇದೇ ಗತಿ. ಬೀದರಿನ ಮಹಮೂದ್ ಗವಾನನ ಮದರಸಾದಲ್ಲಿ (1472) ಇಂದಿಗೂ ಉಳಿದಿರುವ ಬಣ್ಣದ ಮೆರುಗು ಬಿಲ್ಲೆಗಳಂಥವುಗಳ ಹತ್ತಿರಕ್ಕೆ ಆಸಿಡ್ ಹೋಗಲೇಬಾರದು. ಮೆರುಗು ಉಳಿದರೂ ಬಿಲ್ಲೆ ಹಿಡಿದಿರುವ ಗಾರೆ ಬಿಟ್ಟುಕೊಡುತ್ತದೆ.

ಬ್ಲೀಚಿಂಗ್ ಪೌಡರ್, ವಾಷಿಂಗ್ ಸೋಡಾ, ಬಟ್ಟೆ ಒಗೆಯುವ ಪುಡಿಗಳ ಅಪಾಯ ತಕ್ಷಣ ಕಾಣುವುದಿಲ್ಲ. ಅವು ಗೋಡೆಗೆ ಲವಣ ಉಣಿಸುತ್ತವೆ. ತೇವದಲ್ಲಿ ಕರಗಿ ಒಳಹೋದ ಲವಣ, ಒಣಗಿದಾಗ ಹರಳುಗಟ್ಟಿ ಹಿಗ್ಗುತ್ತದೆ. ಪ್ರತಿ ಮಳೆಗಾಲ, ಪ್ರತಿ ಬೇಸಿಗೆ ಇದೇ ನಡೆದು ಕಲ್ಲಿನ ಮುಖ ಹುಡಿಹುಡಿಯಾಗಿ ಉದುರುತ್ತದೆ. ತೊಳೆದವರು ಮರೆತ ಎಷ್ಟೋ ವರ್ಷದ ಮೇಲೂ ಹಾನಿ ನಡೆದೇ ಇರುತ್ತದೆ.

11. ಪಾಚಿಯನ್ನು ಕೆರೆಯಬೇಡಿ, ಸಾಯಿಸಿ, ಕಾಯಿರಿ

ಮಲೆನಾಡು, ಕರಾವಳಿಯ ಗೋಡೆಗಳಿಗೆ ಇದೇ ಮುಖ್ಯ ಸಮಸ್ಯೆ. ಹಸಿರು ಪಾಚಿ ಮೇಲ್ಮೈಯಲ್ಲಿರುತ್ತದೆ, ಬ್ರಷ್ಷಿಗೆ ಬರುತ್ತದೆ. ಬಿಳಿ, ಬೂದಿ, ಕಿತ್ತಳೆ ಬಣ್ಣದ ಚಕ್ಕೆಗಳಂತೆ ಅಂಟಿರುವ ಕಲ್ಲುಹೂವು ಹಾಗಲ್ಲ. ಅದರ ಎಳೆಗಳು ಕಲ್ಲಿನ ಕಣಗಳ ನಡುವೆ ಇಳಿದಿರುತ್ತವೆ. ಒಣಗಿದ್ದಾಗ ಕಿತ್ತರೆ ಕಲ್ಲಿನ ತೆಳುಪದರವೂ ಜೊತೆಗೆ ಬರುತ್ತದೆ.

ತಜ್ಞರ ಕ್ರಮ ಹೀಗಿದೆ. ಚೆನ್ನಾಗಿ ನೆನೆಸಿ ಮೆತ್ತಗೆ ಮಾಡುವುದು, ದಪ್ಪ ಭಾಗವನ್ನು ಮರದ ಚಮಚದಂಥ ಪಟ್ಟಿಯಿಂದ ಎತ್ತುವುದು, ಆಮೇಲೆ ದುರ್ಬಲವಾಗಿ ಬೆರೆಸಿದ ಪಾಚಿನಾಶಕ ಹಚ್ಚುವುದು. ಬೆಂಜಾಲ್ಕೋನಿಯಂ ಕ್ಲೋರೈಡ್ ಇಂಥದ್ದಕ್ಕೆ ಬಳಕೆಯಲ್ಲಿದೆ. ನಂತರ ಎರಡು ಮೂರು ವಾರ ಕಾಯುವುದು. ಹಸಿರು ಹೋಗಿ ಕಂದಾದ ಮೇಲೆ ಮೆತ್ತನೆಯ ಬ್ರಷ್ಷಿಗೇ ಉದುರುತ್ತದೆ, ಉಳಿದದ್ದನ್ನು ಮಳೆ ಒಯ್ಯುತ್ತದೆ. ಪುರಾತತ್ತ್ವ ಇಲಾಖೆಯ ರಸಾಯನ ತಜ್ಞರು ದುರ್ಬಲ ಅಮೋನಿಯಾ ದ್ರಾವಣವನ್ನೂ ಬಳಸುತ್ತಾರೆ. ಪ್ರಮಾಣ ತಪ್ಪಿದರೆ ಕಣ್ಣಿಗೂ ಕಲ್ಲಿಗೂ ತೊಂದರೆ, ಹಾಗಾಗಿ ಅದನ್ನು ಅವರ ಕೈಗೇ ಬಿಡಿ. ತೊಳೆದ ನೀರು ಕಲ್ಯಾಣಿಗೆ ಸೇರದಂತೆ ಬದು ಕಟ್ಟಿ. ಪಾಚಿನಾಶಕ ಮೀನಿಗೂ ವಿಷ. ಗೋಡೆಗೆ ತಾಗಿದ ಕೊಂಬೆ ಸವರಿ ಗಾಳಿ ಬೆಳಕು ಬರುವಂತೆ ಮಾಡಿದರೆ ಪಾಚಿ ಮರಳುವುದು ತಡವಾಗುತ್ತದೆ.

12. ಅರಳಿ ಸಸಿಯನ್ನು ಎಳೆಯಬೇಡಿ

ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ ಗೋಪುರದ ಸಂದಿನಲ್ಲಿ ಮೊಳೆಯುತ್ತದೆ. ಬೆರಳು ಗಾತ್ರದ ಅರಳಿ, ಆಲ, ಅತ್ತಿಯ ಬೇರು ಒಳಗೆ ಎಷ್ಟು ದೂರ ಹೋಗಿದೆ ಎಂದು ಹೊರಗೆ ತಿಳಿಯದು. ಎಳೆದರೆ ಕಲ್ಲೋ ಗಾರೆಯ ಗೊಂಬೆಯೋ ಜೊತೆಗೇ ಬರುತ್ತದೆ. ಬುಡದಲ್ಲಿ ಗರಗಸದಿಂದ ಕೊಯ್ದು, ಕೊಯ್ದ ಹಸಿ ಮೈಗೆ ಕೂಡಲೇ ಬೇರು ಸಾಯಿಸುವ ಔಷಧಿಯನ್ನು ಕುಂಚದಿಂದ ಹಚ್ಚಿ. ಬೇರು ಪೂರ್ತಿ ಒಣಗಿದ ಮೇಲೆ ಸಡಿಲವಾದಷ್ಟನ್ನು ಮಾತ್ರ ತೆಗೆದು ಸುಣ್ಣದ ಗಾರೆ ತುಂಬಿ. ಸಸಿ ನಾಲ್ಕೆಲೆ ಬಿಟ್ಟಾಗಲೇ ಗುರುತಿಸಿದರೆ ಈ ಯಾವ ಪಾಡೂ ಇಲ್ಲ. ವರ್ಷಕ್ಕೆರಡು ಸಲ ದುರ್ಬೀನಿನಲ್ಲಿ ಗೋಪುರ ನೋಡುವ ಕೆಲಸವನ್ನು ಒಬ್ಬರಿಗೆ ವಹಿಸಿ.

13. ಎಣ್ಣೆ ಜಿಡ್ಡಿಗೆ ಮಣ್ಣಿನ ಲೇಪವೇ ಮದ್ದು

ದೀಪದ ಮಸಿ, ಎಣ್ಣೆ, ಕುಂಕುಮ, ಕರ್ಪೂರದ ಹೊಗೆ ಸೇರಿ ಕಂಬ, ದ್ವಾರಪಾಲಕರ ಮೈ ಕರಿಜಿಡ್ಡಾಗಿರುತ್ತದೆ. ಉಜ್ಜಿದರೆ ಜಿಡ್ಡು ಇನ್ನೂ ಒಳಗಿಳಿಯುತ್ತದೆ. ಅದನ್ನು ಹೊರಕ್ಕೆ ಹೀರಿ ತೆಗೆಯಬೇಕು. ತಾಜ್ ಮಹಲಿನ ಅಮೃತಶಿಲೆ ಹಳದಿಗಟ್ಟಿದಾಗ 1994ರಿಂದ ಹಲವು ಸಲ ಮಾಡಿದ್ದು ಇದನ್ನೇ. ಅಲ್ಲಿ ಬಳಸಿದ್ದು ಮುಲ್ತಾನಿ ಮಣ್ಣು.

ವಿಧಾನ ಇದು. ಜರಡಿ ಹಿಡಿದ ಶುದ್ಧ ಮುಲ್ತಾನಿ ಮಣ್ಣನ್ನು ಆರ್‌ಒ ನೀರಿನಲ್ಲಿ ರಾತ್ರಿ ನೆನೆಸಿಡಿ. ಬೆಳಗ್ಗೆ ಕೆಲವೇ ಹನಿ ತಟಸ್ಥ ಮಾರ್ಜಕ ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಕಲ್ಲನ್ನು ತುಸು ಒದ್ದೆ ಮಾಡಿ, ತೆಳುವಾದ ಹತ್ತಿ ಬಟ್ಟೆ ಅಂಟಿಸಿ, ಅದರ ಮೇಲೆ ಅರ್ಧ ಬೆರಳು ದಪ್ಪಕ್ಕೆ ಲೇಪ ಮೆತ್ತಿ. ಬಟ್ಟೆ ಇದ್ದರೆ ಮಣ್ಣು ಕೆತ್ತನೆಯ ಸಂದಿನಲ್ಲಿ ಉಳಿಯುವುದಿಲ್ಲ. ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಮಾರನೆಯ ದಿನ ಹಾಳೆ ತೆಗೆದು ಒಣಗಲು ಬಿಟ್ಟರೆ, ಆರುತ್ತಿರುವ ಮಣ್ಣು ಜಿಡ್ಡನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಬಿರುಕುಬಿಟ್ಟು ಏಳತೊಡಗಿದಾಗ ಬಟ್ಟೆ ಸಮೇತ ಬಿಡಿಸಿ, ನೀರು ಚಿಮುಕಿಸಿ ತೊಳೆಯಿರಿ. ತಿರುಗಿಸಿ ನೋಡಿದರೆ ಕೆನೆಬಣ್ಣದ ಮಣ್ಣು ಕಂದಾಗಿರುತ್ತದೆ. ಒಂದು ಸಲಕ್ಕೆ ಪೂರ್ತಿ ಬರದಿದ್ದರೆ ಇನ್ನೊಮ್ಮೆ ಹಚ್ಚಬಹುದು. ಮಣ್ಣಿನ ಬಣ್ಣ ಕಲ್ಲಿಗೆ ಹತ್ತುತ್ತದೆಯೇ ಎಂದು ಮೂಲೆಯಲ್ಲಿ ಪರೀಕ್ಷಿಸಲು ಮರೆಯಬೇಡಿ. ಪೂಜೆ ನಡೆಯುವ ವಿಗ್ರಹವಾದರೆ ಅರ್ಚಕರೊಂದಿಗೆ ಮಾತಾಡಿ, ದಿನ ಗೊತ್ತುಮಾಡಿಕೊಂಡೇ ಕೈಹಚ್ಚಿ. ಮತ್ತೆ ಜಿಡ್ಡು ಕಟ್ಟದಂತೆ ಹೊರಗೋಡೆಯಿಂದ ದೂರ ಒಂದು ದೀಪದ ಕಟ್ಟೆ ಮಾಡಿಕೊಡಿ. ಭಕ್ತರಿಗೂ ಅನುಕೂಲ, ಕಲ್ಲಿಗೂ ನೆಮ್ಮದಿ.

14. ಬಣ್ಣದ ಪದರ ಕಂಡರೆ ಅಲ್ಲೇ ನಿಲ್ಲಿ

ಸುಣ್ಣದ ಹತ್ತಾರು ಪದರದ ಕೆಳಗೆ ಹಳೆಯ ಚಿತ್ರವೋ ಗಾರೆಯ ಅಲಂಕಾರವೋ ಅಡಗಿರಬಹುದು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ (1784) ಗೋಡೆಗಳ ಮೇಲಿನ ಪೊಳ್ಳಿಲೂರು ಕದನದ ಚಿತ್ರಗಳಂತೆ ಜಗಲಿಯ ಹೊರಗೋಡೆಯಲ್ಲೇ ಬಣ್ಣ ಇರುವುದೂ ಉಂಟು. ಹೆರೆಯುವಾಗ ಕೆಂಪು, ಹಸಿರು, ನೀಲಿಯ ತುಣುಕು ಕಂಡ ಕೂಡಲೇ ಕೆಲಸ ನಿಲ್ಲಿಸಿ, ಫೋಟೊ ತೆಗೆದು ಇಲಾಖೆಗೆ ತಿಳಿಸಿ. ಇತ್ತೀಚೆಗೆ ಬಳಿದ ಎನಾಮಲ್ ಬಣ್ಣ ತೆಗೆಯಲು ಬೆಂಕಿಯ ಟಾರ್ಚ್, ಗ್ರೈಂಡರ್ ಬಳಸಬೇಡಿ. ಸಾದಾ ಸುಣ್ಣ, ಕೆಮ್ಮಣ್ಣಿನ ಪಟ್ಟೆಯ ವಿಷಯ ಬೇರೆ. ಗಾರೆ ಗೋಡೆಗೆ ಸುಣ್ಣ ಬಳಿಯುವುದು ನಮ್ಮ ಹಿರಿಯರ ನಿರ್ವಹಣೆಯ ಕ್ರಮ, ಗೋಡೆ ಉಸಿರಾಡುವ ಹೊದಿಕೆ. ಕೆತ್ತನೆಯ ಕಲ್ಲಿಗೆ ಮಾತ್ರ ಅದು ಸಲ್ಲದು.

15. ಕೆಲಸ ಮಾಡುವವರ ಜೀವ ಮೊದಲು

ಸಾರುವೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಗೋಡೆಗೆ ತೂತು ಕೊರೆದು, ಶಿಲ್ಪದ ಭುಜಕ್ಕೆ ಹಗ್ಗ ಬಿಗಿದು ಕಟ್ಟಬಾರದು. ಗೋಡೆಯ ಕಡೆಯ ಗಳದ ತುದಿಗೆ ಗೋಣಿಚೀಲ ಸುತ್ತಿ. ಹತ್ತುವವರಿಗೆ ಬೆಲ್ಟ್, ಹೆಲ್ಮೆಟ್ ಕಡ್ಡಾಯ. ಗೋಪುರದ ಮರೆಯಲ್ಲಿ ಹೆಜ್ಜೇನು ಕಟ್ಟಿದೆಯೇ ಎಂದು ಮೊದಲೇ ನೋಡಿ. ಇದ್ದರೆ ಜೇನು ಬಲ್ಲವರನ್ನು ಕರೆಸಿ, ಹಬ್ಬದ ಜನ ಸೇರುವ ಮೊದಲೇ ದಾರಿ ಮಾಡಿ. ಪಾರಿವಾಳದ ಹಿಕ್ಕೆಯನ್ನು ಒಣದಾಗಿ ಗುಡಿಸಿದರೆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ, ಕನ್ನಡಕ ಇರಲಿ, ಪಕ್ಕದಲ್ಲೇ ಶುದ್ಧ ನೀರು ಇರಲಿ. ಶ್ರಮದಾನಕ್ಕೆ ಬಂದ ಮಕ್ಕಳಿಗೆ ಆವರಣ ಗುಡಿಸುವ, ಫೋಟೊಗಳಿಗೆ ಸಂಖ್ಯೆ ಬರೆಯುವ ಕೆಲಸ ಕೊಡಿ.

16. ತೊಳೆದ ಮೇಲೆ ಏನನ್ನೂ ಬಳಿಯಬೇಡಿ, ನೋಡಿಕೊಳ್ಳುವುದನ್ನು ನಿಲ್ಲಿಸಬೇಡಿ

ಹೊಳಪು ಉಳಿಯಲೆಂದು ವಾರ್ನಿಷ್, ಎಣ್ಣೆ, ಸಿಲಿಕೋನ್ ಕೋಟಿಂಗ್ ಹಚ್ಚುವ ಆಸೆ ಬರುತ್ತದೆ. ಇವು ಹೊರಗಿನ ನೀರನ್ನು ತಡೆಯುವುದರ ಜೊತೆಗೆ ಒಳಗಿನ ತೇವವನ್ನೂ ಕಟ್ಟಿಹಾಕುತ್ತವೆ. ಆ ತೇವ, ಅದರಲ್ಲಿನ ಲವಣ ಪದರದ ಹಿಂದೆಯೇ ಸೇರಿ ಕಲ್ಲಿನ ಮುಖವನ್ನು ಚಕ್ಕೆಯಾಗಿ ಎಬ್ಬಿಸುತ್ತವೆ. ಸಂದುಗಳಿಗೆ ಸಿಮೆಂಟ್ ಕೂಡ ಬೇಡ. ಅದು ಹಳೆಯ ಇಟ್ಟಿಗೆ, ಕಲ್ಲಿಗಿಂತ ಗಡಸು. ಗೋಡೆ ತುಸು ಅಲುಗಿದರೂ ಒಡೆಯುವುದು ಇಟ್ಟಿಗೆಯೇ. ಕಳಿತ ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸಿ ಗಾರೆ ಅರೆಯುವುದನ್ನು ಬಲ್ಲ ಮೇಸ್ತ್ರಿಗಳು ಇನ್ನೂ ಇದ್ದಾರೆ. ಹುಡುಕಿ ಕರೆತನ್ನಿ, ಸರಿಯಾದ ಕೂಲಿ ಕೊಡಿ, ಊರಿನ ಇಬ್ಬರು ಹುಡುಗರನ್ನು ಅವರ ಜೊತೆ ಕೆಲಸಕ್ಕೆ ಹಚ್ಚಿ. ಆ ವಿದ್ಯೆ ಊರಲ್ಲೇ ಉಳಿದರೆ ಮುಂದಿನ ಸಲ ಅರ್ಧ ಕೆಲಸ ಸುಲಭ.

ಒಂದು ರಿಜಿಸ್ಟರ್ ಇಡಿ. ಮಳೆಗಾಲಕ್ಕೆ ಮುಂಚೆ ಕೊಳವೆ ಬಿಡಿಸಿದ್ದು, ಮಳೆ ನಿಂತ ಮೇಲೆ ಸಸಿ ಕೊಯ್ದದ್ದು, ಎಲ್ಲಿ ಯಾವ ದಿನ ಏನು ಹಚ್ಚಿದ್ದು, ಎಲ್ಲವನ್ನೂ ಬರೆಯಿರಿ. ಐವತ್ತು ವರ್ಷದ ಮೇಲೆ ಬರುವ ಸಮಿತಿಗೆ ಆ ಪುಸ್ತಕ ಬಂಗಾರಕ್ಕಿಂತ ಹೆಚ್ಚು.

ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು. ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆ ಕಲ್ಲುಗಳಲ್ಲಿ ಒಡವೆಯ ಒಂದೊಂದು ಮಣಿಯನ್ನು ಇಂದಿಗೂ ಎಣಿಸಬಹುದು. ಯಾವ ಪಟ್ಟಿಯಲ್ಲೂ ಇಲ್ಲದ ನಿಮ್ಮ ಊರಿನ ಗುಡಿಯ ಕಲ್ಲನ್ನು ಕೆತ್ತಿದ ಕೈಗಳಿಗೂ ಅದೇ ಶ್ರದ್ಧೆ ಇತ್ತು. ಕೆಲಸ ಮುಗಿದ ದಿನ ಮೊದಲಿನ ಫೋಟೊಗಳನ್ನು ಹಿಡಿದು ಗೋಡೆಯ ಮುಂದೆ ನಿಂತು ಚೌಕ ಚೌಕವಾಗಿ ಹೋಲಿಸಿ ನೋಡಿ. ಉಳಿಯ ಗುರುತು, ಅಕ್ಷರದ ಅಂಚು, ಒಡವೆಯ ಮಣಿ ಮೊದಲಿದ್ದಷ್ಟೇ ಚೂಪಾಗಿದ್ದರೆ ನೀವು ಗೆದ್ದಿರಿ. ಅಲ್ಲಲ್ಲಿ ಒಂದಿಷ್ಟು ಕಪ್ಪು ಉಳಿದಿದ್ದರೂ ಚಿಂತೆಯಿಲ್ಲ. ಆ ಕಪ್ಪನ್ನು ಮುಂದಿನವರು ಇನ್ನೂ ಒಳ್ಳೆಯ ವಿಧಾನದಿಂದ ತೆಗೆದಾರು. ಅವರ ಕೈಗೆ ಕಲ್ಲನ್ನು ಪೂರ್ತಿಯಾಗಿ ಒಪ್ಪಿಸುವುದು ನಮ್ಮ ಹೊಣೆ.